ಕರೆಂಟ್ ಕಕ್ಕಸಿನ ದೋಣಿಯಲ್ಲಿ ನಾವು ನಾಲ್ವರು

ಮಾರ್ಕೆಟ್ ಹಾರ್ಬರೋ: ಪಾಠ

ದೋಣಿ ಓಡಿಸುವುದನ್ನು ಆಯಮ್ಮ ನಮಗೆ ಹತ್ತೇ ನಿಮಿಷದಲ್ಲಿ ಹೇಳಿಕೊಟ್ಟರು. ಅದರೊಳಗಿನ ಕಕ್ಕಸು ಉಪಯೋಗಿಸುವುದನ್ನು ಹೇಳಿಕೊಡಲು ಮುಕ್ಕಾಲು ಗಂಟೆ ತೆಗೆದುಕೊಂಡರು.

ದೋಣಿ ಬಾಡಿಗೆಗೆ ಕೊಡುವ ಆಯಮ್ಮನ ಹೆಸರು ಜಾನೆಟ್. ಎಪ್ಪತ್ತರ ಆಸುಪಾಸು, ಮೈಮೇಲೆ ನೀಲಿ ಬಾಯ್ಲರ್ ಸೂಟು, ಉಗುರಿನ ಸಂದಿಯಲ್ಲಿ ಗ್ರೀಸು. ಆ ಗ್ರೀಸು ನೋಡಿದ ತಕ್ಷಣ ನನಗೆ ಆಕೆಯ ಮೇಲೆ ಗೌರವ ಬಂತು. ಗೌರವ ಬಂತು ಸರಿ, ಮಾತು ಮಾತ್ರ ಕಿವಿಗೆ ಹಾಕಿಕೊಳ್ಳಲಿಲ್ಲ. ಯಾಕೆಂದರೆ ನಾನು ಮುನಿರಾಜು. ವಿಮಾನ ಕಾರ್ಖಾನೆಯ ಟೂಲ್‌ರೂಮಿನಲ್ಲಿ ಮೂವತ್ತನಾಲ್ಕು ವರ್ಷ ಫಿಟ್ಟರ್ ಆಗಿದ್ದವನು. ಹೊಸ ತಿಪ್ಪಸಂದ್ರದ ನಮ್ಮ ರಸ್ತೆಯಲ್ಲಿ ಯಾರ ಮನೆಯ ಪಂಪು ಕೆಟ್ಟರೂ, ಮಿಕ್ಸಿ ಸುಟ್ಟರೂ ಮೊದಲು ನನ್ನ ಗೇಟಿಗೇ ಬರುತ್ತಾರೆ. ಅಂಥವನಿಗೆ ಒಂದು ಕಕ್ಕಸು ಏನು ಮಹಾ!

ನಾವು ಇಂಗ್ಲೆಂಡಿಗೆ ಹೋಗಿದ್ದು ದೋಣಿಗಾಗಿ ಅಲ್ಲ, ಮದುವೆಗೆ. ನಜೀರ್ ಭಾಯ್ ಅವರ ತಂಗಿಯ ಮಗಳ ಮದುವೆ ಲೆಸ್ಟರಿನಲ್ಲಿ. ನಜೀರ್ ಭಾಯ್ ಅವರದು ಕಮರ್ಷಿಯಲ್ ಸ್ಟ್ರೀಟಿನ ಅಡ್ಡಗಲ್ಲಿಯಲ್ಲಿ ಬಟ್ಟೆ ಅಂಗಡಿ, ಮನೆ ರಿಚರ್ಡ್ಸ್ ಟೌನಿನಲ್ಲಿ. ಆ ಅಂಗಡಿಯ ಅಟ್ಟದ ಮೇಲೆ ನನ್ನ ಹೆಂಡತಿ ಸರೋಜ ಇಪ್ಪತ್ತೆರಡು ವರ್ಷದಿಂದ ಹೊಲಿಗೆ ಮಿಷಿನ್ ತುಳಿಯುತ್ತಿದ್ದಾಳೆ. ಮದುಮಗಳ ಲೆಹೆಂಗಾ ಹೊಲಿದಿದ್ದು ಅವಳೇ. "ಅದನ್ನ ಹುಡುಗಿ ಮೈಮೇಲೆ ಕೂರ್ಸೋಕೆ ನೀವೇ ಬರ್ಬೇಕು ಸರೋಜಕ್ಕ, ನಿಮ್ ಯಜಮಾನ್ರೂ ಬರ್ಲಿ" ಎಂದು ನಜೀರ್ ಭಾಯ್ ಅವರ ಹೆಂಡತಿ ಶಮೀಮ್ ಭಾಭಿ ಹಠ ಹಿಡಿದರು. ಮದುವೆಗೆ ಇನ್ನೂ ಒಂದು ವಾರ ಇತ್ತು. ಕಾಲುವೆ ದೋಣಿಗಳ ವಿಡಿಯೋ ನೋಡಿ ನೋಡಿ ನನಗೆ ಹುಚ್ಚು ಹಿಡಿದಿತ್ತು. ಲೆಸ್ಟರಿನ ಹತ್ತಿರದ ಮಾರ್ಕೆಟ್ ಹಾರ್ಬರೋ ಎಂಬ ಊರಿನಿಂದ ನಾಲ್ಕು ದಿನಕ್ಕೆ ಒಂದು ದೋಣಿ ಬಾಡಿಗೆಗೆ ಹಿಡಿಯೋಣ ಅಂದವನು ನಾನೇ. ಆಮೇಲೆ ಆದದ್ದಕ್ಕೆಲ್ಲ ಹೊಣೆಯೂ ನಾನೇ ಅನ್ನಿ.

ಈ ದೋಣಿಯ ಅಗಲ ಒಂದು ಆಟೋ ನುಗ್ಗುವಷ್ಟು, ಉದ್ದ ಮಾತ್ರ ಬಿಎಂಟಿಸಿ ಬಸ್ಸನ್ನೂ ಮೀರಿಸುವಷ್ಟು. ಒಳಗೆ ಅಡುಗೆಮನೆ, ಸೋಫಾ, ಎರಡು ಮಲಗುವ ಕೋಣೆ. ನಡುವೆ ದೇವರ ಗೂಡಿನಷ್ಟು ಅಗಲದ ಬಾಗಿಲು, ಅದರ ಹಿಂದೆ ನಮ್ಮ ಕಥಾನಾಯಕ.

ಜಾನೆಟ್ ಬಾಗಿಲು ತೆಗೆದು ತೋರಿಸಿದರು. ಬಿಳೀ ಪಿಂಗಾಣಿ, ಮರದ ಸೀಟು, ಗೋಡೆಯ ಮೇಲೆ ಕಾಲಿಂಗ್ ಬೆಲ್ಲಿನಷ್ಟು ದೊಡ್ಡ ಫಲಕ. ಅದರಲ್ಲಿ ಎರಡು ಗುಂಡಿ, ಒಂದು ಕಡಿಮೆ ನೀರಿಗೆ, ಇನ್ನೊಂದು ಜಾಸ್ತಿ ನೀರಿಗೆ. ಮೇಲೊಂದು ಪುಟ್ಟ ದೀಪ. ಹಸಿರು ಇದ್ದರೆ ನಿರಾಳ, ಹಳದಿ ಬಂದರೆ ಹುಷಾರು, ಕೆಂಪು ಬಂದರೆ ಮುಗಿಯಿತು. ಆಕೆ ಗುಂಡಿ ಒತ್ತಿದರು ನೋಡಿ, ಒಳಗಿಂದ ಗರ್ರ್ರ್ ಎಂದು ಸದ್ದು ಬಂತು! ನಮ್ಮನೆ ಮಿಕ್ಸಿಯಲ್ಲಿ ಕೊಬ್ಬರಿ ಚಟ್ನಿಗೆ ಹಾಕಿದಾಗ ಬರುತ್ತಲ್ಲ, ಅದೇ ಸದ್ದು. ಎಲ್ಲವನ್ನೂ ನುಣ್ಣಗೆ ಅರೆದು ಪೈಪಿನಲ್ಲಿ ಟ್ಯಾಂಕಿಗೆ ತಳ್ಳುವ ಯಂತ್ರ ಅದು.

"ಟ್ಯಾಂಕ್ ಎಲ್ಲಿದೆಯಂತೆ?" ನಜೀರ್ ಭಾಯ್ ಮೆಲ್ಲಗೆ ಕೇಳಿದರು.

ಜಾನೆಟ್ ಮಂಚದ ಕೆಳಗೆ ಬೆರಳು ಮಾಡಿದರು. ನನ್ನ ಮತ್ತು ಸರೋಜಳ ಮಂಚ.

ನಾನು ಎಸ್ ಎಸ್ ಎನ್ನುತ್ತಾ ತಲೆ ಆಡಿಸುತ್ತಿದ್ದೆ. ಕಣ್ಣೆಲ್ಲ ಇಂಜಿನ್ ಕಡೆಗೆ. ಆಕೆ ಕೊಟ್ಟ ಲ್ಯಾಮಿನೇಟ್ ಮಾಡಿದ ಹಾಳೆಯನ್ನು ಟೀ ಕೆಟಲಿನ ಕೆಳಗೆ ಇಟ್ಟೆ, ಮೇಜು ಸುಡದಿರಲಿ ಎಂದು. ಸರೋಜ ಮಾತ್ರ ಕೈಕಟ್ಟಿ ನಿಂತು ಒಂದೊಂದು ಮಾತನ್ನೂ ಕೇಳಿಸಿಕೊಂಡಳು.

ಹೇಳದೇ ಉಳಿದ ವಿಷಯ ಒಂದಿತ್ತು. ಶಮೀಮ್ ಭಾಭಿ ಲೆಸ್ಟರಿನ ನಾದಿನಿ ಮನೆಯಿಂದ ಒಂದು ಪ್ಲಾಸ್ಟಿಕ್ ಲೋಟಾ ತಂದಿದ್ದರು. ಸರೋಜ ತಿಪ್ಪಸಂದ್ರದಿಂದಲೇ ನೀಲಿ ಮಗ್ಗನ್ನು ಲಂಗದಲ್ಲಿ ಸುತ್ತಿ ಸೂಟ್‌ಕೇಸಿನ ತಳದಲ್ಲಿ ಇಟ್ಟುಕೊಂಡು ಬಂದಿದ್ದಳು. ಕಾಗದ ನಮಗೆ ಆಗಿಬರುವುದಿಲ್ಲ. ಮಗ್ಗಿನ ನೀರಿನ ಲೆಕ್ಕ ಜಾನೆಟ್‌ಗೆ ಗೊತ್ತಿಲ್ಲ, ನಾವೂ ಬಾಯಿಬಿಟ್ಟು ಕೇಳಲಿಲ್ಲ. ಇಂಥದ್ದನ್ನು ಒಬ್ಬ ದೊರೆಸಾನಿ ಹತ್ತಿರ ಹೇಗೆ ಕೇಳುವುದು ಹೇಳಿ!

ಹೊರಡುವ ಮೊದಲು ನಾನು ನಾಲ್ಕು ನೀರಿನ ಬಾಟಲಿಗೆ ನಾಲ್ಕು ಬಣ್ಣದ ಟೇಪು ಸುತ್ತಿ ಸಾಲಾಗಿ ಇಟ್ಟೆ. ಸರೋಜಳದು ಹಳದಿ. ಹೋದ ವರ್ಷ ಅವಳಿಗೆ ಕಿಡ್ನಿಗೆ ಸೋಂಕಾಗಿ ಐದು ದಿನ ಆಸ್ಪತ್ರೆಯಲ್ಲಿ ಮಲಗಿದ್ದಳು. ನೀರು ಕುಡಿಯದೇ ಹೀಗಾಗಿದೆ, ಇನ್ನೊಂದು ಸಲ ಹೀಗಾದರೆ ಕಷ್ಟ ಎಂದು ಡಾಕ್ಟರು ಗದರಿಸಿದ್ದರು. ಆದ್ದರಿಂದ ದಿನಾ ಬೆಳಿಗ್ಗೆ ಬಾಟಲಿ ತುಂಬಿಸುವ ಡ್ಯೂಟಿ ನನ್ನದು ಎಂದು ಘೋಷಿಸಿದೆ. ಕ್ಯಾಪ್ಟನ್ ಅಂದಮೇಲೆ ಇಷ್ಟಾದರೂ ಬೇಡವೇ!

ಫಾಕ್ಸ್‌ಟನ್: ನೀರಿನ ಮೆಟ್ಟಿಲು

ಮೊದಲ ದಿನ ಮಧ್ಯಾಹ್ನ ಹೊರಟು ಸಂಜೆಗೆ ಫಾಕ್ಸ್‌ಟನ್ ಎಂಬ ಊರಿನ ಬುಡಕ್ಕೆ ಬಂದೆವು. ಮಾರನೇ ಬೆಳಿಗ್ಗೆ ತಲೆಯೆತ್ತಿ ನೋಡುತ್ತೇನೆ, ಎದುರಿಗೆ ಗುಡ್ಡ. ಕಾಲುವೆ ಅದನ್ನು ಹತ್ತಿಕೊಂಡು ಹೋಗಿದೆ! ಒಂದರ ಮೇಲೊಂದು ಹತ್ತು ನೀರಿನ ತೊಟ್ಟಿ, ಪ್ರತಿಯೊಂದಕ್ಕೂ ದಪ್ಪ ಮರದ ಗೇಟು. ತೊಟ್ಟಿಯೊಳಗೆ ದೋಣಿ ತರಬೇಕು, ಹಿಂದಿನ ಗೇಟು ಮುಚ್ಚಬೇಕು, ಮೇಲಿನಿಂದ ನೀರು ಬಿಡಬೇಕು. ನೀರು ಏರಿದ ಹಾಗೆ ದೋಣಿಯೂ ಏರುತ್ತದೆ, ಆಮೇಲೆ ಮುಂದಿನ ತೊಟ್ಟಿಗೆ. ಮೋಟಾರಿಲ್ಲ, ಕರೆಂಟಿಲ್ಲ, ಎಲ್ಲ ಕೈಯಿಂದಲೇ. ಇನ್ನೂರು ವರ್ಷಕ್ಕೂ ಹಳೆಯದಂತೆ, ಆದರೂ ಗೇಟಿನ ಸಂದಿಯಲ್ಲಿ ಒಂದು ಸಣ್ಣ ಧಾರೆ ಬಿಟ್ಟರೆ ಸೋರಿಕೆ ಇಲ್ಲ. ನಾನಂತೂ ನೀರು ಬಿಡುವ ಆ ಹಲ್ಲುಚಕ್ರ ಸವರಿದ್ದೇ ಸವರಿದ್ದು.

"ರೀ, ಸಾಕು ಬನ್ನಿ, ಜನ ನೋಡ್ತಾವ್ರೆ" ಎಂದಳು ಸರೋಜ. ಆದರೆ ಗೇಟು ತಳ್ಳುವಾಗ ಅವಳೇ ಮುಂದು. ಸೀರೆ ಸೆರಗು ಸೊಂಟಕ್ಕೆ ಸಿಕ್ಕಿಸಿ, ಕಾಲಿಗೆ ಸ್ಪೋರ್ಟ್ಸ್ ಶೂ ಹಾಕಿ, ಆ ಮರದ ತೊಲೆಗೆ ಬೆನ್ನು ಕೊಟ್ಟು ಒಂದೇ ಸಮ ತಳ್ಳಿದಳು. ಪಕ್ಕದಲ್ಲಿ ಶಮೀಮ್ ಭಾಭಿ "ಯಾ ಅಲ್ಲಾ, ಯಾ ಅಲ್ಲಾ" ಎನ್ನುತ್ತಾ ಅವಳನ್ನೇ ತಳ್ಳುತ್ತಿದ್ದರು. ಗೇಟು ತೆರೆದಾಗ ಇಬ್ಬರೂ ಕೇಕೆ ಹಾಕಿದ್ದು ಗುಡ್ಡದ ಕೆಳಗಿನವರೆಗೂ ಕೇಳಿಸಿರಬೇಕು.

ಅಲ್ಲಿ ಸರದಿಗಾಗಿ ಕಾಯುತ್ತಿದ್ದ ದೋಣಿಯವರ ಒಂದು ಅಭ್ಯಾಸ ಹೇಳಲೇಬೇಕು. ಇಂಗ್ಲೆಂಡಿನವರು ಬಿಗಿ ಜನ, ಪಕ್ಕದಲ್ಲಿ ಕೂತವರ ಹೆಸರೂ ಕೇಳುವುದಿಲ್ಲ ಎಂದು ನನಗೆ ಹೇಳಿ ಕಳಿಸಿದ್ದರು. ಸುಳ್ಳು! ನಮ್ಮ ಹಿಂದಿನ ದೋಣಿಯ ದಪ್ಪ ಮೀಸೆಯವನು ಬಂದು ಕೈಕುಲುಕಿ ಕೇಳಿದ ಮೊದಲನೇ ಪ್ರಶ್ನೆ, ನಿಮ್ಮದು ಯಾವ ಥರದ ಟಾಯ್ಲೆಟ್ ಅಂತ. ಎರಡನೆಯದು, ಟ್ಯಾಂಕು ಎಷ್ಟು ದೊಡ್ಡದು ಅಂತ. ಅವನ ಹೆಂಡತಿ ತಮ್ಮ ಟ್ಯಾಂಕು ಹೋದ ವಾರ ಹೇಗೆ ಕೈಕೊಟ್ಟಿತು ಎಂಬುದನ್ನು ಬಿಸ್ಕೆಟ್ ತಿನ್ನುತ್ತಾ ವರ್ಣಿಸಿದಳು. ನಮ್ಮೂರಲ್ಲಿ ಊಟ ಆಯ್ತಾ ಅಂತ ಕೇಳುವ ಹಾಗೆ ಇಲ್ಲಿ ಇದನ್ನು ಕೇಳುತ್ತಾರೆ. ಸರೋಜ ಸೆರಗು ಬಾಯಿಗೆ ಅಡ್ಡ ಹಿಡಿದು ಆ ಕಡೆ ತಿರುಗಿಬಿಟ್ಟಳು.

ಗುಡ್ಡ ಏರಿದ ಮೇಲೆ ನನ್ನ ಉತ್ಸಾಹ ತಡೆಯಲಾಗಲಿಲ್ಲ. ಹಲಸೂರಿನಲ್ಲಿರುವ ಬಾಮೈದನಿಗೆ ವಿಡಿಯೋ ಕಾಲ್ ಮಾಡಿದೆ. ಇಂಜಿನ್ ತೋರಿಸಿದೆ, ಒಲೆ ತೋರಿಸಿದೆ, ಅವನು ಆಕಳಿಸಿದ. ಗುಂಡಿ ಒತ್ತಿ ಕಕ್ಕಸು ತೋರಿಸಿದೆ ನೋಡಿ, ಆಸಾಮಿ ಎದ್ದು ಕೂತ!

"ಭಾವ, ಇನ್ನೊಂದ್ಸಲ ಒತ್ತಿ! ಲೇ, ಎಲ್ರೂ ಬನ್ರೋ ಇಲ್ಲಿ!"

ಮಕ್ಕಳು ಬಂದರು, ಮೊದಲ ಮಹಡಿಯ ಬಾಡಿಗೆಯವರು ಬಂದರು, ಇಸ್ತ್ರಿ ಅಂಗಡಿಯವನೂ ಬಂದ. ಬಂದವರಿಗೆಲ್ಲ ನಾನು ಗುಂಡಿ ಒತ್ತಿ ತೋರಿಸಿದೆ. ಜಾಸ್ತಿ ನೀರಿನ ಗುಂಡಿ, ಸದ್ದು ಚೆನ್ನಾಗಿ ಬರಲಿ ಎಂದು. ಆಮೇಲೆ ಕಾರ್ಖಾನೆಯ ಹಳೇ ಗೆಳೆಯರ ಗ್ರೂಪಿಗೂ ಒಂದು ಕಾಲ್. ಅಲ್ಲಂತೂ ಇದರ ಮೋಟಾರ್ ಎಷ್ಟು ಓಲ್ಟಿನದು ಅಂತ ಜಗಳವೇ ಆಯಿತು. ಅದಕ್ಕೂ ನಾಲ್ಕೈದು ಸಲ ಒತ್ತಿದೆ. ದೀಪ ಯಾವ ಬಣ್ಣದಲ್ಲಿತ್ತು ಅಂತ ನನ್ನನ್ನು ಕೇಳಬೇಡಿ.

ಹೊಲದ ಪಕ್ಕ: ಹಳದಿ ಬಾಟಲಿ

ಮೂರನೇ ಬೆಳಿಗ್ಗೆ ದೋಣಿ ಕಟ್ಟಿದ್ದು ಒಂದು ಹೊಲದ ಬದಿಯಲ್ಲಿ. ಹಸು ನೀರಿಗೆ ಮುಖ ಇಳಿಬಿಟ್ಟು ನಮ್ಮ ಕಿಟಕಿಯೊಳಗೇ ನೋಡುತ್ತಿತ್ತು. ನಾನು ಹಾಡು ಗುನುಗುತ್ತಾ ಬಾಟಲಿ ತುಂಬಿಸಲು ಹೋದೆ. ಮೂರು ಬಾಟಲಿ ಖಾಲಿ. ಹಳದಿ ಟೇಪಿನದು ಎತ್ತಿದರೆ ಭಾರ. ನಿನ್ನೆ ಬೆಳಿಗ್ಗೆ ನಾನು ಕತ್ತಿನವರೆಗೆ ತುಂಬಿಸಿದ್ದೆ, ಇನ್ನೂ ಕತ್ತಿನವರೆಗೇ ಇದೆ.

"ಸರೋಜ, ಇದೇನಿದು?"

"ಏನು?"

"ಒಂದು ಗುಟುಕೂ ಕುಡಿದಿಲ್ಲ ನೀನು!"

"ಕುಡಿತೀನಿ ಬಿಡ್ರಿ."

"ಕುಡಿತೀನಿ ಅಲ್ಲ, ಕುಡಿದಿಲ್ಲ. ಡಾಕ್ಟ್ರು ಏನು ಹೇಳಿದ್ರು? ಮತ್ತೆ ಮಲಗ್ಬೇಕಾ ಆಸ್ಪತ್ರೇಲಿ? ಅದೂ ಈ ದೇಶದಲ್ಲಿ?" ನನ್ನ ದನಿ ಏರಿತು. ನನಗೆ ಹೆದರಿಕೆಯಾದರೆ ಕೋಪ ಬರುತ್ತದೆ, ಏನು ಮಾಡುವುದು.

ಅವಳು ದೋಸೆ ತವಾ ಕೆಳಗಿಟ್ಟಳು. "ಕೂಗ್ಬೇಡಿ. ಕುಡಿದ್ರೆ ಒಂದಕ್ಕೆ ಹೋಗ್ಬೇಕಾಗುತ್ತೆ. ಬಾಗ್ಲು ನೋಡಿ, ರಟ್ಟು ಇದ್ದಂಗಿದೆ. ಹೊರಗಡೆ ಎರಡು ಮಾರು ದೂರದಲ್ಲಿ ನೀವು ಗಂಡಸ್ರು ಕೂತಿರ್ತೀರ. ಗುಂಡಿ ಒತ್ತಿದ್ರೆ ಆ ಸದ್ದು! ಸರೋಜ ಹೋದ್ಲು, ಸರೋಜ ಬಂದ್ಲು ಅಂತ ಎಲ್ರಿಗೂ ಡಂಗುರ. ನನಗಾಗಲ್ಲ."

"ಅದಕ್ಕೆ ಕುಡೀದೇ ಇರೋದಾ? ಎರಡು ದಿನದಿಂದ?"

"ಎರಡು ದಿನ ಏನು ಮಹಾ! ಇಪ್ಪತ್ತೆರಡು ವರ್ಷದಿಂದ ಹಿಂಗೇ ಇದೀನಿ."

ನನಗೆ ತಕ್ಷಣ ಅರ್ಥವಾಗಲಿಲ್ಲ. ಅವಳೇ ಹೇಳಿದಳು. ಹೇಳುವಾಗ ದನಿಯಲ್ಲಿ ದೂರೇನೂ ಇರಲಿಲ್ಲ, ಅಡುಗೆ ಹೇಗೆ ಮಾಡಿದೆ ಅಂತ ಹೇಳುವ ಥರವೇ ಇತ್ತು. ಅಂಗಡಿಯ ಅಟ್ಟದ ಮೇಲೆ ಹೊಲಿಯುವವರು ಮೂರು ಜನ ಹೆಂಗಸರು. ಕಕ್ಕಸಿಲ್ಲ. ಗಂಡಸರಿಗೆ ಗಲ್ಲಿ ಇದೆ, ಮೂಲೆ ಇದೆ, ಮಸೀದಿ ಇದೆ. ಹೆಂಗಸರು ಪಕ್ಕದ ಕಾಂಪ್ಲೆಕ್ಸಿಗೆ ಹೋಗಿ, ಬೀಗದ ಕೈಗಾಗಿ ವಾಚ್‌ಮನ್ನನ್ನು ಕೇಳಬೇಕು. ಅವನ ಸುತ್ತ ಯಾವಾಗಲೂ ನಾಲ್ಕು ಜನ. ಸೇರಿದ ಹೊಸತರಲ್ಲಿ ಒಂದು ಸಲ ಕೇಳಿದ್ದಳಂತೆ, ಅವರು ನಕ್ಕರಂತೆ. ಅವತ್ತಿನಿಂದ ಬೆಳಿಗ್ಗೆ ಅರ್ಧ ಲೋಟ ಕಾಫಿ ಬಿಟ್ಟರೆ ಸಂಜೆ ಮನೆಗೆ ಬರುವವರೆಗೆ ಏನೂ ಕುಡಿಯುವುದಿಲ್ಲ. ಡಬ್ಬಿಗೆ ಸಾರನ್ನ ಬೇಡ, ಚಪಾತಿ ಸಾಕು ಅನ್ನುತ್ತಿದ್ದದ್ದೂ ಅದಕ್ಕೇ. ಅವಳಿಗೆ ಚಪಾತಿ ಇಷ್ಟ ಅಂದುಕೊಂಡು ನಾನು ಅಂಗಡಿಯಿಂದ ಗೋಧಿ ಹಿಟ್ಟು ತಂದದ್ದೇ ತಂದದ್ದು.

ಊರಿನವರ ಪಂಪು, ಮೋಟಾರು, ನಲ್ಲಿ ಎಲ್ಲ ರಿಪೇರಿ ಮಾಡಿದವನು ನಾನು. ಮನೆಯವಳಿಗೆ ದಿನಕ್ಕೆ ಹತ್ತು ಗಂಟೆ ಬಾಯಾರಿಕೆ ಅಂತ ಗೊತ್ತಾಗಲಿಲ್ಲವಲ್ಲ!

ಆಗ ಹಿಂದಿನ ಮೆಟ್ಟಿಲ ಕಡೆ ಸದ್ದಾಯಿತು. ನಜೀರ್ ಭಾಯ್ ಖಾಲಿ ಟೀ ಲೋಟ ಹಿಡಿದು ನಿಂತಿದ್ದರು. ಎಷ್ಟು ಹೊತ್ತಿನಿಂದ ನಿಂತಿದ್ದರೋ. ಲೋಟವನ್ನು ಮೆಲ್ಲಗೆ ಮೆಟ್ಟಿಲ ಮೇಲಿಟ್ಟು, ಏನೂ ಅನ್ನದೆ ಮತ್ತೆ ಹೊರಗೆ ಹೋದರು. ಯಾವಾಗಲೂ ಬಾಯಿ ಮುಚ್ಚದ ಮನುಷ್ಯ. ಸರೋಜ ನಾಲಿಗೆ ಕಚ್ಚಿಕೊಂಡಳು.

ಶಮೀಮ್ ಭಾಭಿಯೇ ದಾರಿ ಮಾಡಿದರು. "ಸರೋಜಕ್ಕ ಹೋಗುವಾಗ ನಾವು ಮೂರೂ ಜನ ಕೆಳಗೆ ಇಳಿಯೋದು. ಹಸು ನೋಡ್ತಾ ನಿಲ್ಲೋದು. ಮುಗೀತು."

"ಇಂಜಿನ್ ಸ್ಟಾರ್ಟ್ ಮಾಡಿಟ್ಟಿರ್ತೀನಿ!" ಎಂದೆ ನಾನು. "ಆ ಸದ್ದಲ್ಲಿ ಇದು ಎಲ್ಲಿ ಕೇಳ್ಸುತ್ತೆ? ಬ್ಯಾಟರೀನೂ ಚಾರ್ಜ್ ಆಗುತ್ತೆ."

ಸರೋಜ ನನ್ನನ್ನೇ ನೋಡಿದಳು. ಆಮೇಲೆ ಹಳದಿ ಬಾಟಲಿ ಎತ್ತಿ ಗಟಗಟ ಅರ್ಧ ಕುಡಿದಳು. ಸ್ವಲ್ಪ ಹೊತ್ತಿಗೆ ನಾವು ಮೂವರೂ ಇಳಿದು ಹಸುವಿನ ಎದುರು ಸಾಲಾಗಿ ನಿಂತೆವು. ಇಂಜಿನ್ ಢಗಢಗ ಅನ್ನುತ್ತಿತ್ತು. ಹಸುವೂ ನಾವೂ ಒಬ್ಬರನ್ನೊಬ್ಬರು ನೋಡಿದ್ದೇ ನೋಡಿದ್ದು.

ಕಿಟಕಿ ತೆರೆಯಿತು. ಸರೋಜಳ ಮುಖ ಹೊರಗೆ ಬಂತು, ಕಣ್ಣು ಹೊಳೆಯುತ್ತಿತ್ತು.

"ರೀ! ಒಂದೇ ಗುಂಡಿ ರೀ! ಎಲ್ಲ ಮಾಯ!"

ಶಮೀಮ್ ಭಾಭಿ ಚಪ್ಪಾಳೆ ತಟ್ಟಿದರು. ನಾನು ಶಿಳ್ಳೆ ಹಾಕಿದೆ. ಹಸು ಹೆದರಿ ಹಿಂದಕ್ಕೆ ಸರಿಯಿತು.

ಸುರಂಗ

ಆಮೇಲೆ ಸರೋಜ ಕುಡಿದಳು ನೋಡಿ! ಉಳಿದರ್ಧ ಬಾಟಲಿ ನೀರು, ದೊಡ್ಡ ಲೋಟದಲ್ಲಿ ಟೀ, ಶಮೀಮ್ ಭಾಭಿ ಮಾಡಿದ ಮಜ್ಜಿಗೆ ಎರಡು ಲೋಟ. ರಜಾ ಸಿಕ್ಕ ಮಕ್ಕಳ ಹಾಗೆ ಕುಡಿದಳು. ಅವಳು ಪ್ರತಿ ಸಲ ಲೋಟ ಎತ್ತಿದಾಗಲೂ ನನಗೆ ಚುಕ್ಕಾಣಿ ಬಿಟ್ಟು ಕುಣಿಯಬೇಕು ಅನ್ನಿಸುತ್ತಿತ್ತು.

ಮಧ್ಯಾಹ್ನದ ಹೊತ್ತಿಗೆ ಸುರಂಗ ಬಂತು. ಅದಿರುವ ಊರಿನ ಹೆಸರು ಹಸ್ಬಂಡ್ಸ್ ಬಾಸ್ವರ್ತ್. ಗಂಡಂದಿರಿಗೇ ಅಂತ ಒಂದು ಊರು ಮಾಡಿಬಿಟ್ಟಿದ್ದಾರಲ್ಲ ಎಂದು ಹೆಂಗಸರಿಬ್ಬರೂ ನಕ್ಕರು. ಸುರಂಗದೊಳಗೆ ಕಗ್ಗತ್ತಲು. ನಮ್ಮ ಮುಂದಿನ ದೀಪದ ಬೆಳಕಲ್ಲಿ ಇಟ್ಟಿಗೆ ಕಮಾನು ಮಾತ್ರ ಹೊಳೆಯುತ್ತಿತ್ತು. ಮೇಲಿನಿಂದ ತಣ್ಣನೆಯ ಹನಿ ನೆತ್ತಿಗೆ ಬೀಳುತ್ತಿತ್ತು. ದೂರದಲ್ಲಿ ಆ ಕಡೆಯ ಬಾಯಿ ಸಾಸಿವೆ ಕಾಳಿನಷ್ಟು. ಮುಂದೆ ಕೂತಿದ್ದ ಸರೋಜ "ಓಯ್!" ಎಂದು ಕೂಗಿದಳು. ಸುರಂಗ ನಾಲ್ಕು ಸಲ ಓಯ್ ಅಂತು. ಮೂವತ್ತು ವರ್ಷದ ಸಂಸಾರದಲ್ಲಿ ಅವಳು ಅಷ್ಟು ಗಟ್ಟಿಯಾಗಿ ಕೂಗಿದ್ದನ್ನು ನಾನು ಕೇಳಿರಲಿಲ್ಲ. ನಾನೂ ಕೂಗಿದೆ. ನನ್ನ ಪಕ್ಕ ನಿಂತಿದ್ದ ನಜೀರ್ ಭಾಯ್ ಮಾತ್ರ ಕೂಗಲಿಲ್ಲ.

ಬೆಳಕಿಗೆ ಬಂದ ಮೇಲೆ ಸರೋಜ ಒಳಗೆ ಹೋದಳು. ಒಂದು ನಿಮಿಷಕ್ಕೆ ತಲೆ ಹೊರಗೆ ಹಾಕಿದಳು.

"ರೀ, ದೀಪ ಕೆಂಪಗಿದೆ."

ಹೋಗಿ ನೋಡಿದೆ. ಕೆಂಡದಂಥ ಕೆಂಪು. ಗುಂಡಿ ಒತ್ತಿದೆ, ಪಿಟ್ಟೆನ್ನಲಿಲ್ಲ. ಕೆಟಲಿನ ಕೆಳಗಿನಿಂದ ಹಾಳೆ ಎಳೆದು, ಟೀ ಕಲೆ ಒರೆಸಿ, ಆಗ ಓದಿದೆ. ಟ್ಯಾಂಕ್ ತುಂಬಿದರೆ ಯಂತ್ರ ತಾನೇ ನಿಲ್ಲುತ್ತದೆ. ಬೋಟ್‌ಯಾರ್ಡಿನಲ್ಲಿ ಖಾಲಿ ಮಾಡಿಸುವವರೆಗೆ ಉಪಯೋಗಿಸಬಾರದು. ಮಾಮೂಲಾಗಿ ಒಂದು ವಾರ ಬರುತ್ತದೆ.

"ಒಂದು ವಾರದ್ದು ಎರಡೇ ದಿನಕ್ಕೆ ಹೆಂಗೆ ತುಂಬ್ತು?" ಎಂದೆ.

ಶಮೀಮ್ ಭಾಭಿ ಲೋಟಾ ಎತ್ತಿ ತೋರಿಸಿದರು. "ನಾನು ಹೋದಾಗೆಲ್ಲ ನಾಲ್ಕು ಲೋಟಾ."

"ನಾನು ಐದು" ಎಂದರು ನಜೀರ್ ಭಾಯ್, ಬೆಳಗಿನಿಂದ ಮೊದಲ ಸಲ ಬಾಯಿಬಿಟ್ಟು.

"ಮತ್ತೆ ನೀವು?" ಸರೋಜ ನನ್ನ ಕಡೆ ತಿರುಗಿದಳು. "ಹಲಸೂರಿನವ್ರಿಗೆಲ್ಲ ಎಷ್ಟು ಸಲ ಒತ್ತಿ ತೋರಿಸಿದ್ರಿ?"

ನಾನು ಸ್ಪ್ಯಾನರ್ ಹುಡುಕಿದೆ. ಫ್ಯೂಸು ಬಿಚ್ಚಿ ನೇರ ಕನೆಕ್ಷನ್ ಕೊಟ್ಟರೆ ಮೋಟಾರ್ ಓಡುತ್ತದೆ ಎಂದು ಲೆಕ್ಕ ಹಾಕುತ್ತಿದ್ದೆ. ನಜೀರ್ ಭಾಯ್ ನನ್ನ ಮಣಿಕಟ್ಟು ಹಿಡಿದರು. "ನಕ್ಕೋ ಭಾಯ್, ಬೇಡ! ತುಂಬಿದ ಟ್ಯಾಂಕು. ಓಡಿದ್ರೆ ಎಲ್ಲಿಗೆ ಹೋಗುತ್ತೆ? ಮೇಲಕ್ಕೆ ಬರುತ್ತೆ!" ಅದೂ ನಿಜವೇ. ಸ್ಪ್ಯಾನರ್ ಇಟ್ಟೆ.

ಖಾಲಿ ಮಾಡುವ ಜಾಗ ವೆಲ್‌ಫರ್ಡಿನಲ್ಲಿ, ಇನ್ನೂ ಎರಡು ಗಂಟೆ ದಾರಿ. ಇಂಜಿನ್ ಪೂರ್ತಿ ಜೋರು ಮಾಡಿದೆ. ಈ ದೋಣಿಗೆ ಅದರಿಂದ ಕೋಪ ಬರುತ್ತದೆಯೇ ಹೊರತು ವೇಗ ಬರುವುದಿಲ್ಲ. ಅಲೆ ಎದ್ದು ದಡಕ್ಕೆ ಹೊಡೆಯಿತು, ದಡದಲ್ಲಿ ಕಟ್ಟಿದ್ದ ದೋಣಿಯೊಂದರಿಂದ ಒಬ್ಬ ಹೊರಬಂದು ಬೈದ. ನಾಯಿ ಹಿಡಿದು ವಾಕಿಂಗ್ ಹೊರಟ ಮುದುಕರೊಬ್ಬರು ನಮ್ಮನ್ನು ಹಿಂದೆ ಹಾಕಿ, ಟೋಪಿ ಎತ್ತಿ ನಮಸ್ಕಾರ ಮಾಡಿ ಹೋದರು.

ಸರೋಜ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದಳು. ತುಟಿ ಬಿಗಿದಿತ್ತು, ನೋಟ ನೆಟ್ಟಗೆ ಎಲ್ಲೋ ದೂರ. ಆ ಮುಖ ನನಗೆ ಚೆನ್ನಾಗಿ ಗೊತ್ತಿತ್ತು. ದಿನಾ ಸಂಜೆ ಬಸ್ಸಿಳಿದು ಬಂದು ನಮ್ಮನೆ ಗೇಟು ತೆಗೆಯುವಾಗಿನ ಮುಖ. ಇಷ್ಟು ವರ್ಷ ಅದನ್ನು ನಾನು ಸುಸ್ತು ಅಂದುಕೊಂಡಿದ್ದೆ.

ಅಯ್ಯೋ, ಕುಡಿ ಕುಡಿ ಅಂತ ಕುಡಿಸಿದವನು ನಾನು, ಟ್ಯಾಂಕು ತುಂಬಿಸಿದವನೂ ನಾನು! ನಾಚಿಕೆಯಾಗಿ ಸತ್ತುಹೋಗಬೇಕು ಅನ್ನಿಸಿತು. ಇನ್ನು ಜನ್ಮದಲ್ಲಿ ಅವಳು ನನ್ನ ಮಾತು ನಂಬಿ ನೀರು ಮುಟ್ಟುತ್ತಾಳಾ?

"ಸರೋಜ, ಇಲ್ಲಿ ಯಾರೂ ಇಲ್ಲ. ಆ ಪೊದೆ ನೋಡು, ಎಷ್ಟು ದಟ್ಟವಾಗಿದೆ..."

"ನಿಮಗೇನು, ಎಲ್ಲಿ ನೋಡಿದ್ರೂ ಪೊದೆ ಕಾಣುತ್ತೆ" ಎಂದಳು. ಆಮೇಲೆ ಮುಂದೆ ನೋಡಿದಳು. "ದೋಣಿ ಪಕ್ಕಕ್ಕೆ ಹಾಕಿ."

ಹಸಿರು ದೋಣಿ

ತಿರುವಿನಾಚೆ ಒಂದು ಹಸಿರು ದೋಣಿ ದಡಕ್ಕೆ ಕಟ್ಟಿತ್ತು. ಅದರ ತಲೆಯ ಮೇಲೆ ಹೂವಿನ ಕುಂಡ. ದಡದಲ್ಲಿ ಮಡಚುವ ಕುರ್ಚಿ ಹಾಕಿ ಇಬ್ಬರು ವಯಸ್ಸಾದವರು ಊಟ ಮಾಡುತ್ತಿದ್ದರು, ಹುಲ್ಲು ಟೋಪಿಯ ಅಜ್ಜಿ ಮತ್ತು ಅವರ ಯಜಮಾನರು. ಜೊತೆಗೆ ಇನ್ನಿಬ್ಬರು ಗಂಡಸರು, ನೆಂಟರಿರಬೇಕು.

ನಾನು ಹೋಗಿ ಕೇಳುತ್ತೇನೆ ಎಂದೆ. ಶಮೀಮ್ ಭಾಭಿ ಹೋಗುತ್ತೇನೆ ಎಂದರು, ಅವರ ಇಂಗ್ಲಿಷು ಚೆನ್ನಾಗಿದೆ. ಸರೋಜ ಯಾರಿಗೂ ಕಾಯಲಿಲ್ಲ. ದೋಣಿ ದಡಕ್ಕೆ ತಾಗುವ ಮೊದಲೇ ನೆರಿಗೆ ಎತ್ತಿಕೊಂಡು ಜಿಗಿದಳು. ಆ ನಾಲ್ಕು ಜನರ ಮುಂದೆ ನೆಟ್ಟಗೆ ನಿಂತಳು. ನಾನು ಹಗ್ಗ ಹಿಡಿದು ಹಾಗೇ ನಿಂತುಬಿಟ್ಟೆ. ಮೂರು ಗಂಡಸರ ಎದುರು, ಸುರಂಗದಲ್ಲಿ ಕೂಗಿದ ಅದೇ ದನಿಯಲ್ಲಿ ಅವಳು ಹೇಳಿದಳು:

"ಗುಡ್ ಆಫ್ಟರ್‌ನೂನ್ ಮೇಡಮ್. ಐ ಸರೋಜ, ಫ್ರಮ್ ಬೆಂಗಳೂರು. ಅವರ್ ಟಾಯ್ಲೆಟ್ ಫುಲ್. ಮೈ ಹಸ್ಬೆಂಡ್ ಮೇಡ್ ಫುಲ್. ಐ ವಾಂಟ್ ಯುವರ್ ಟಾಯ್ಲೆಟ್. ನೌ."

ಅಜ್ಜಿ ತಟ್ಟೆ ಹುಲ್ಲಿನ ಮೇಲಿಟ್ಟು ಎದ್ದರು. ಬಾ ನನ್ನ ಕಂದಾ ಎಂಬಂಥ ಮಾತೇನೋ ಹೇಳಿ, ಸರೋಜಳ ಕೈ ಹಿಡಿದು ಒಳಗೆ ಕರೆದುಕೊಂಡು ಹೋದರು. ಯಜಮಾನರು ನನ್ನನ್ನು ಮೇಲಿಂದ ಕೆಳಗಿನವರೆಗೆ ನೋಡಿ, ಹೇಗೆ ಅಷ್ಟು ಬೇಗ ತುಂಬಿಸಿದೆ ಎಂದು ಬಹಳ ಆಸಕ್ತಿಯಿಂದ ಕೇಳಿದರು. ನಾನು ವಿಡಿಯೋ ಕಾಲಿನ ಕಥೆ ಹೇಳಿದೆ. ಆ ನೆಂಟರಲ್ಲೊಬ್ಬ ನಗುತ್ತಾ ಕುರ್ಚಿಯಿಂದ ಜಾರಿ ಕೆಳಗೇ ಕೂತ. ಅವರು ನಕ್ಕಿದ್ದು ನನ್ನನ್ನು ನೋಡಿ, ಅವಳನ್ನು ನೋಡಿ ಅಲ್ಲ. ನನಗೆ ಅಷ್ಟು ಖುಷಿ ಯಾವತ್ತೂ ಆಗಿರಲಿಲ್ಲ.

ಸರೋಜ ಹೊರಬಂದಾಗ ಅವಳ ಕೈಯಲ್ಲಿ ಒಂದು ತುಂಡು ಕೇಕು, ಅಜ್ಜಿಯ ತಲೆಯಲ್ಲಿ ಟೋಪಿಯ ಜೊತೆಗೆ ಸರೋಜಳ ಹೇರ್‌ಕ್ಲಿಪ್ಪು. ಏನು ಮಾತಾಡಿಕೊಂಡರೋ, ಯಾವ ಭಾಷೆಯಲ್ಲೋ! ಇಬ್ಬರೂ ಅಪ್ಪಿಕೊಂಡು ಬೀಳ್ಕೊಂಡರು.

"ಎಷ್ಟು ಕ್ಲೀನಾಗಿ ಇಟ್ಟಿದ್ದಾರೆ ಗೊತ್ತಾ?" ಎಂದಳು ದೋಣಿ ಹತ್ತುತ್ತಾ. "ಮತ್ತೆ ಕೇಳಿದ್ದಕ್ಕೆ ಏನೂ ಆಗ್ಲಿಲ್ಲ ರೀ. ಸುಮ್ನೆ ಕೊಟ್ರು."

ವೆಲ್‌ಫರ್ಡ್

ಯಾರ್ಡ್ ಮುಚ್ಚುವ ಹೊತ್ತಿಗೆ ಸರಿಯಾಗಿ ತಲುಪಿದೆವು. ಅಲ್ಲಿನ ಹೆಂಗಸೊಬ್ಬಳು ಆನೆ ಸೊಂಡಿಲಿನಷ್ಟು ದಪ್ಪದ ಪೈಪು ತಂದು ದೋಣಿಯ ಅಂಚಿನ ಮುಚ್ಚಳಕ್ಕೆ ತಿರುಗಿಸಿದಳು, ಸ್ವಿಚ್ಚು ಹಾಕಿದಳು. ಪೈಪಿನ ನಡುವೆ ಒಂದು ಗಾಜಿನ ತುಂಡು, ಒಳಗೆ ಹೋಗುವುದು ಕಾಣಲಿ ಎಂದು. ನಾನು ಅದಕ್ಕೆ ಕಣ್ಣಿಟ್ಟು ಕೂತೆ. ನಮ್ಮ ಎರಡು ದಿನ ಸರಸರ ಹರಿದುಹೋಯಿತು, ಮುಕ್ಕಾಲು ಪಾಲು ಬರೀ ತಿಳಿನೀರು. ಆ ಹೆಂಗಸು ನನ್ನ ಕಡೆ ಅನುಮಾನದಿಂದ ನೋಡಿದಳು. ಕಡೆಗೆ ಒಳಗಿಂದ ಶಮೀಮ್ ಭಾಭಿ "ಹಸಿರು! ಹಸಿರು!" ಎಂದು ಕೂಗಿದರು, ಈದಿನ ಚಂದ್ರ ಕಂಡ ಹಾಗೆ.

ದಡದ ಬೆಂಚಿನ ಮೇಲೆ ಬಿಸಿಲಿತ್ತು. ನಾಲ್ವರೂ ಟೀ ಹಿಡಿದು ಕೂತೆವು. ಸರೋಜ ತನ್ನ ಲೋಟ ಮುಗಿಸಿ ಇನ್ನೊಂದು ಬಗ್ಗಿಸಿಕೊಂಡಳು. ನಾನು ಉಸಿರು ಬಿಟ್ಟೆ. ನಜೀರ್ ಭಾಯ್ ನೆಲ ನೋಡುತ್ತಾ ಕೂತಿದ್ದರು.

"ನಜೀರ್ ಭಾಯ್" ಎಂದಳು ಸರೋಜ.

"ಹೇಳಿ ಸರೋಜಮ್ಮ."

"ಅಂಗಡೀಲಿ ನಮಗೊಂದು ಟಾಯ್ಲೆಟ್ ಕಟ್ಟಿಸ್ಕೊಡಿ."

ಅಷ್ಟೇ ಹೇಳಿದಳು. ಹಿಂದಿಲ್ಲ, ಮುಂದಿಲ್ಲ. ನಜೀರ್ ಭಾಯ್ ಅವರ ಕಣ್ಣು ತುಂಬಿಬಂತು. ಅವರು ಅದನ್ನು ಮುಚ್ಚಿಡಲೂ ಇಲ್ಲ.

"ಬೆಳಿಗ್ಗೆಯಿಂದ ನನಗೆ ಅದೇ ಯೋಚ್ನೆ. ನಾನು ದಿನಾ ಮಧ್ಯಾಹ್ನ ಸ್ಕೂಟರಲ್ಲಿ ಮನೆಗೆ ಹೋಗಿ ಬರ್ತೀನಿ. ನೀವು ಏನು ಮಾಡ್ತೀರ ಅಂತ ಒಂದು ದಿನ ಕೇಳಿಲ್ಲ ನೋಡಿ. ಮಾಫ್ ಮಾಡಿ ಅಮ್ಮ." ಆಮೇಲೆ ಕಣ್ಣೊರೆಸಿಕೊಂಡು ಹೇಳಿದರು: "ಇನ್ಶಾ ಅಲ್ಲಾ, ಕಟ್ಸೋಣ. ಊರಿಗೆ ಹೋದ ಮೇಲೆ ಜಾಗ ಎಲ್ಲಿ ಬರುತ್ತೆ ನೋಡೋಣ."

"ಅಲ್ಲಾ ಯಾವಾಗ್ಲೋ ಒಪ್ಪಿರ್ತಾನೆ ಭಾಯ್. ನೀವು ಶುರು ಮಾಡೋದು ಯಾವಾಗ ಹೇಳಿ."

ಶಮೀಮ್ ಭಾಭಿ ನಕ್ಕುಬಿಟ್ಟರು. "ಕೇಳಿದ್ರಲ್ಲ? ಫೋನ್ ತೆಗೀರಿ."

ಊರಲ್ಲಿ ಆಗ ರಾತ್ರಿ ಊಟದ ಹೊತ್ತು. ಹಲಸೂರಿನ ಅಂತೋಣಿ ಮೇಸ್ತ್ರಿ ಫೋನೆತ್ತಿದರು. ಅಂಗಡಿಗೆ ಗೋಡೆ, ಗಾರೆ ಏನೇ ಕೆಲಸ ಇದ್ದರೂ ನಜೀರ್ ಭಾಯ್ ಕರೆಯುವುದು ಅವರನ್ನೇ. ಸ್ಪೀಕರಿಗೆ ಹಾಕಿ ಭಾಯ್ ವಿಷಯ ಹೇಳಿದರು. ಆ ಕಡೆ ಮೇಸ್ತ್ರಿ ನಿಟ್ಟುಸಿರು ಬಿಟ್ಟರು.

"ನಿಮ್ಮ ಅಂಗಡೀಲಿ ಜಾಗ ಎಲ್ಲಿದೆ ಸಾರ್? ಬಂದು ಅಳತೆ ನೋಡ್ಬೇಕು."

ಸರೋಜ ಕೈ ಚಾಚಿದಳು. ನಜೀರ್ ಭಾಯ್ ಫೋನು ಕೊಟ್ಟರು.

"ಮೇಸ್ತ್ರಿ, ಬರ್ಕೊಳ್ಳಿ" ಎಂದಳು. "ಗಲ್ಲಾಪೆಟ್ಟಿಗೆ ಹಿಂದೆ ಖಾಲಿ ರಟ್ಟಿನ ಬಾಕ್ಸ್ ಒಟ್ಟಿರ್ತಾರಲ್ಲ, ಆ ಮೂಲೆ. ಅಗಲ ಮೂರಡಿ ಎರಡಿಂಚು. ಉದ್ದ ಐದಡಿ ಒಂದಿಂಚು. ಹಿಂದಿನ ಗೋಡೆ ಆಚೆಗೇ ಮೋರಿ ಪೈಪು ಹೋಗುತ್ತೆ, ಜಾಸ್ತಿ ಒಡೆಯೋದು ಬೇಕಿಲ್ಲ. ಮೇಲೆ ಸಣ್ಣ ಕಿಟಕಿ ಇಡಬಹುದು, ಒಂದೂವರೆ ಅಡಿಗೆ ಒಂದಡಿ."

ನಾವು ಮೂವರೂ ಅವಳ ಮುಖ ನೋಡುತ್ತಾ ಕೂತಿದ್ದೆವು. ಒಂದು ಚೀಟಿ ಇಲ್ಲ, ಒಂದು ತಡವರಿಕೆ ಇಲ್ಲ.

"ಅಳತೆ ಯಾವಾಗ ತಗೊಂಡ್ರಮ್ಮ?" ಎಂದು ಫೋನಿನೊಳಗಿಂದ ಮೇಸ್ತ್ರಿ ಕೇಳಿದರು.

"ಕೆಲಸಕ್ಕೆ ಸೇರಿದ ವಾರಾನೇ ಮೇಸ್ತ್ರಿ" ಎಂದಳು ಸರೋಜ. "ಟೇಪು ಕೈಯಲ್ಲೇ ಇತ್ತಲ್ಲ."